ಡೂಪ್ಲಿಕೇಟ್ ಕೀಲಿಕೈ ಬೀಗಕ್ಕೆ ತಾಗುತ್ತದೆಯೇ?

ಜೋಡಿ ಸರ್ವರ್, ಸಂಘದ ವಿದ್ಯಾರ್ಥಿವೇತನ ಮತ್ತು ಬ್ಯಾಂಕ್ ಗುಮಾಸ್ತನೊಬ್ಬನ ಅನುಭವ

2023ರ ಜುಲೈ ತಿಂಗಳ ಮಾತು. ನಮ್ಮ ಸಂಘದ ವಿದ್ಯಾರ್ಥಿವೇತನಕ್ಕೆ ಅರ್ಜಿ ಸಲ್ಲಿಸಲು ಅಂದೇ ಕೊನೆಯ ದಿನ. ರಾತ್ರಿ ಎಂಟೂವರೆಯ ಹೊತ್ತಿಗೆ ಡೊಂಬಿವಲಿಯಿಂದ ಒಬ್ಬ ಹುಡುಗಿಯ ಫೋನು ಬಂತು. "ಅಂಕಲ್, ನಾನು ಎರಡು ವಾರದ ಹಿಂದೆಯೇ ಫಾರ್ಮ್ ತುಂಬಿದ್ದೆ. ಈಗ ತೆಗೆದು ನೋಡಿದರೆ ನನ್ನ ಹೆಸರೇ ಇಲ್ಲ. ಮಾರ್ಕ್ಸ್ ಕಾರ್ಡೂ ಇಲ್ಲ. ಮತ್ತೆ ತುಂಬಬೇಕಾ?" ಎಂದಳು. ತಂದೆ ಹೋಟೆಲ್‌ನಲ್ಲಿ ಸಪ್ಲಾಯರ್. ನರ್ಸಿಂಗ್ ಎರಡನೇ ವರ್ಷದ ಶುಲ್ಕಕ್ಕೆ ಸಂಘದ ಹಣವನ್ನೇ ನಂಬಿದ್ದ ಮನೆ. ಸಂಘದ ಕೋಶಾಧಿಕಾರಿಯಾಗಿದ್ದ ನನ್ನ ಬಳಿ ಆ ಕ್ಷಣಕ್ಕೆ ಉತ್ತರವಿರಲಿಲ್ಲ.

ಆದದ್ದು ಇಷ್ಟು. ಸಂಘವು ಬಾಡಿಗೆಗೆ ಪಡೆದ ಎರಡು ಸರ್ವರ್‌ಗಳಿದ್ದವು. ಒಂದು ಕೆಟ್ಟರೆ ಇನ್ನೊಂದು ಕೆಲಸ ಮಾಡಬೇಕು ಎಂಬ ಏರ್ಪಾಡು. ಅಂದು ಮಧ್ಯಾಹ್ನ ಮೊದಲನೆಯದರ ಡಿಸ್ಕ್ ಕೆಟ್ಟಿತು. ಎರಡನೆಯದು ತಾನಾಗಿಯೇ ಎದ್ದು ನಿಂತಿತು. ಪುಟ ತೆರೆಯುತ್ತಿತ್ತು, ಸಂಘದ ಲಾಂಛನ ಕಾಣುತ್ತಿತ್ತು, ಎಲ್ಲವೂ ಸರಿ ಇದ್ದಂತೆಯೇ ಇತ್ತು. ಆದರೆ ಆ ಎರಡನೇ ಸರ್ವರ್ ಏಪ್ರಿಲ್ ತಿಂಗಳಲ್ಲೇ ನಿಂತುಬಿಟ್ಟಿತ್ತು! ಏಪ್ರಿಲ್‌ನಲ್ಲಿ ಯಾರೋ ಮೊದಲ ಸರ್ವರಿನ ಪಾಸ್‌ವರ್ಡ್ ಬದಲಾಯಿಸಿದ್ದರು. ಅಂದಿನಿಂದ ಮಾಹಿತಿ ಎರಡನೆಯದಕ್ಕೆ ನಕಲಾಗುವುದು ನಿಂತಿತ್ತು. "ನಕಲು ಆಗುತ್ತಿಲ್ಲ" ಎಂಬ ಎಚ್ಚರಿಕೆ ದಿನವೂ ಇ-ಮೇಲ್‌ನಲ್ಲಿ ಹೋಗುತ್ತಿತ್ತು. ಹೋಗುತ್ತಿದ್ದದ್ದು ಅಧಿಕಾರ ಬಿಟ್ಟು ಊರಿಗೆ ಮರಳಿದ್ದ ಹಿಂದಿನ ಕಾರ್ಯದರ್ಶಿಯವರ ಹಳೆಯ ವಿಳಾಸಕ್ಕೆ.

ಬದಲಿ ಇದ್ದರೆ ಸಾಲದು, ಬದಲಿಯನ್ನು ಆಗಾಗ ನಡೆಸಿ ನೋಡಬೇಕು. ಬಂಧುಗಳೇ, ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಇದೊಂದೇ ಮಾತು. ಇಂದು ಮಹಾನಗರದ ನಮ್ಮ ಅನೇಕ ಸಂಘ-ಸಂಸ್ಥೆಗಳು ಸದಸ್ಯರ ಪಟ್ಟಿ, ದೇಣಿಗೆ, ವಧೂವರರ ನೋಂದಣಿ, ವಿದ್ಯಾರ್ಥಿವೇತನ ಎಲ್ಲವನ್ನೂ ಕಂಪ್ಯೂಟರಿಗೆ ಒಪ್ಪಿಸಿವೆ. ಆದ್ದರಿಂದ ಇದು ಇಂಜಿನಿಯರುಗಳಿಗೆ ಮಾತ್ರ ಬಿಟ್ಟುಬಿಡುವ ವಿಷಯವಲ್ಲ. ನಾನೂ ಇಂಜಿನಿಯರ್ ಅಲ್ಲ. ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮಾಡಿ ಬ್ಯಾಂಕ್ ಸೇರಿದ ಗುಮಾಸ್ತ. ನನಗೆ ಅರ್ಥವಾದ ರೀತಿಯಲ್ಲೇ ಹೇಳುತ್ತೇನೆ.

ತೆರೆಯದ ಬೀಗ

ಬ್ಯಾಂಕಿನ ಸ್ಟ್ರಾಂಗ್ ರೂಮ್ ತೆರೆಯಲು ಇಬ್ಬರ ಕೀಲಿಕೈ ಬೇಕು. ಒಂದು ಅಧಿಕಾರಿಯ ಬಳಿ, ಇನ್ನೊಂದು ಕ್ಯಾಶಿಯರ್ ಬಳಿ. ಇವುಗಳ ಡೂಪ್ಲಿಕೇಟ್ ಜೋಡಿಯನ್ನು ಮೊಹರು ಮಾಡಿ ಬೇರೊಂದು ಶಾಖೆಯಲ್ಲಿ ಇಡುತ್ತಾರೆ. ನಿಗದಿತ ಅವಧಿಗೊಮ್ಮೆ ಅವನ್ನು ತರಿಸಿ, ಬಳಕೆಗೆ ತಂದು, ಬಳಕೆಯಲ್ಲಿದ್ದವನ್ನು ಅಲ್ಲಿ ಇಡಬೇಕೆಂಬುದು ಪದ್ಧತಿ.

ನಾನು ನೌಕರಿಗೆ ಸೇರಿದ ಹೊಸತರಲ್ಲಿ ನಮ್ಮ ಕ್ಯಾಶಿಯರ್ ಒಬ್ಬರ ತಾಯಿ ತೀರಿಕೊಂಡ ಸುದ್ದಿ ರಾತ್ರಿ ಬಂತು. ಅವರು ಗಾಬರಿಯಲ್ಲಿ ಕೀಲಿಕೈಯನ್ನು ಜೇಬಿನಲ್ಲಿಟ್ಟುಕೊಂಡೇ ಊರಿನ ಬಸ್ಸು ಹತ್ತಿದ್ದರು. ಬೆಳಿಗ್ಗೆ ಬೇರೆ ಶಾಖೆಯಿಂದ ಡೂಪ್ಲಿಕೇಟ್ ತರಿಸಿದೆವು. ಹಾಕಿದರೆ ತಿರುಗಲೊಲ್ಲದು! ಹಿಂದೆಂದೋ ಬೀಗ ರಿಪೇರಿ ಮಾಡಿಸಿದಾಗ ಒಳಗಿನ ಭಾಗ ಬದಲಾಗಿತ್ತು. ಡೂಪ್ಲಿಕೇಟ್ ಮಾತ್ರ ಹಳೆಯದೇ ಉಳಿದಿತ್ತು. ರಿಜಿಸ್ಟರಿನಲ್ಲಿ "ಡೂಪ್ಲಿಕೇಟ್ ಇದೆ" ಎಂದು ಚೆಂದದ ಅಕ್ಷರದಲ್ಲಿ ಬರೆದಿತ್ತು. ಪಿಂಚಣಿ ದಿನವಾದ್ದರಿಂದ ಹೊರಗೆ ಹಿರಿಯರ ಸಾಲು ಮೆಟ್ಟಿಲ ತನಕ ಇತ್ತು. ಆ ಸಾಲನ್ನು ನಾನು ಇಂದಿಗೂ ಮರೆತಿಲ್ಲ.

ಹುಡುಗಿಯ ಫೋನು ಬಂದ ರಾತ್ರಿ ನನಗೆ ನೆನಪಾದದ್ದು ಆ ಕೀಲಿಕೈ. ನಮ್ಮ ಎರಡನೇ ಸರ್ವರ್ ಅಂಥದೇ ಒಂದು ಡೂಪ್ಲಿಕೇಟ್ ಆಗಿತ್ತು.

ಉಡುಪಿ ಹೋಟೆಲಿನ ಬಾಗಿಲಲ್ಲಿ

ಎರಡು ಸರ್ವರ್‌ಗಳನ್ನು ಇಟ್ಟುಕೊಳ್ಳುವುದರಲ್ಲಿ ಎರಡು ಉದ್ದೇಶಗಳಿವೆ. ಒಂದು, ಕೆಲಸವನ್ನು ಹಂಚುವುದು. ಇದನ್ನು ಲೋಡ್ ಬ್ಯಾಲೆನ್ಸಿಂಗ್ ಎನ್ನುತ್ತಾರೆ. ಇನ್ನೊಂದು, ಒಂದು ಬಿದ್ದಾಗ ಮತ್ತೊಂದು ಅದರ ಜಾಗಕ್ಕೆ ಬರುವುದು. ಇದು ಫೇಲ್‌ಓವರ್.

ಮಧ್ಯಾಹ್ನದ ಊಟದ ಹೊತ್ತಿಗೆ ಉಡುಪಿ ಹೋಟೆಲಿನ ಬಾಗಿಲಲ್ಲಿ ನಿಂತು ಗಿರಾಕಿಗಳನ್ನು ಕೂರಿಸುವವರನ್ನು ನೆನಪಿಸಿಕೊಳ್ಳಿ. ಲೋಡ್ ಬ್ಯಾಲೆನ್ಸರ್ ಮಾಡುವುದು ಅದೇ ಕೆಲಸ. ಬಂದವರನ್ನು ಒಬ್ಬರನ್ನು ಈ ಮೇಜಿಗೆ, ಮುಂದಿನವರನ್ನು ಆ ಮೇಜಿಗೆ ಎಂದು ಸರದಿಯಲ್ಲಿ ಕಳಿಸುವುದು ಒಂದು ವಿಧಾನ. ಯಾವ ಸಪ್ಲಾಯರ್ ಬಳಿ ಕಡಿಮೆ ಜನರಿದ್ದಾರೋ ಅಲ್ಲಿಗೆ ಕಳಿಸುವುದು ಇನ್ನೊಂದು. ಚುರುಕಾದವನಿಗೆ ಎರಡು ಪಾಲು, ಹೊಸಬನಿಗೆ ಒಂದು ಪಾಲು ಎನ್ನುವುದು ಮೂರನೆಯದು. ಈ ಕೆಲಸಕ್ಕೆ ದುಡ್ಡು ಕೊಡದೆ ಸಿಗುವ ತಂತ್ರಾಂಶಗಳೂ ಇವೆ. 2001ರಲ್ಲಿ ಹೊರಬಂದ ಎಚ್‌ಎಪ್ರಾಕ್ಸಿ, 2004ರಲ್ಲಿ ಬಂದ ಎಂಜಿನ್‌ಎಕ್ಸ್ ಇವು ಹೆಸರುವಾಸಿಯಾದವು. ನಮ್ಮ ಸಂಘ ಬಳಸುವುದು ಮೊದಲನೆಯದನ್ನು.

ಬಾಗಿಲಲ್ಲಿ ನಿಂತವನಿಗೆ ಯಾವ ಸಪ್ಲಾಯರ್ ಕೆಲಸದಲ್ಲಿದ್ದಾನೆ, ಯಾರು ರಜೆ ಎಂದು ಗೊತ್ತಿರಬೇಕು. ಅದಕ್ಕಾಗಿ ಅವನು ಮತ್ತೆ ಮತ್ತೆ ವಿಚಾರಿಸುತ್ತಾನೆ. ಎಚ್‌ಎಪ್ರಾಕ್ಸಿಯ ಸಾಮಾನ್ಯ ಲೆಕ್ಕ ಹೀಗಿದೆ: ಎರಡು ಸೆಕೆಂಡಿಗೊಮ್ಮೆ ಪ್ರತಿ ಸರ್ವರನ್ನೂ ಕೇಳುವುದು, ಸತತ ಮೂರು ಬಾರಿ ಉತ್ತರ ಬಾರದಿದ್ದರೆ ಅದನ್ನು ಸಾಲಿನಿಂದ ಹೊರಗಿಡುವುದು, ಮತ್ತೆ ಸತತ ಎರಡು ಬಾರಿ ಸರಿಯಾಗಿ ಉತ್ತರಿಸಿದರೆ ಒಳಗೆ ಸೇರಿಸುವುದು.

ಏನು ಕೇಳುತ್ತೇವೆ ಎನ್ನುವುದೂ ಮುಖ್ಯ. ಕೌಂಟರಿನಲ್ಲಿ ಕ್ಯಾಶಿಯರ್ ಕೂತಿದ್ದಾರೆಯೇ ಎಂದಷ್ಟೇ ಕೇಳಿದರೆ ಹೌದು ಎಂಬ ಉತ್ತರ ಬರುತ್ತದೆ. ಅವರ ಡ್ರಾಯರಿನಲ್ಲಿ ಹಣವೇ ಇಲ್ಲದಿದ್ದರೆ? ನಮ್ಮ ಸರ್ವರಿಗೂ ಮೊದಲು ಕೇಳುತ್ತಿದ್ದದ್ದು "ಎದ್ದಿದ್ದೀಯಾ" ಎಂದು ಮಾತ್ರ. ಈಗ "ಡೇಟಾಬೇಸಿನಿಂದ ಒಂದು ಹೆಸರು ಓದಿ ಹೇಳು" ಎಂದು ಕೇಳುವಂತೆ ಮಾಡಿದ್ದೇವೆ.

ಇನ್ನೊಂದು ತೊಡಕು ಇದೆ. ಫಾರ್ಮಿನ ಮೊದಲ ಪುಟವನ್ನು ಒಂದನೇ ಸರ್ವರಿನಲ್ಲಿ ತುಂಬಿದ ಮಗುವನ್ನು ಎರಡನೇ ಪುಟಕ್ಕೆ ಬೇರೆ ಸರ್ವರಿಗೆ ಕಳಿಸಿದರೆ "ನೀನು ಯಾರು? ಮತ್ತೆ ಲಾಗಿನ್ ಮಾಡು" ಎನ್ನುತ್ತದೆ. ಅರ್ಧ ಊಟ ಮಾಡಿದವರನ್ನು ಎಬ್ಬಿಸಿ ಬೇರೆ ಮೇಜಿಗೆ ಕಳಿಸಿದಂತೆ. ಆದ್ದರಿಂದ ಒಬ್ಬರನ್ನು ಕೊನೆಯವರೆಗೂ ಒಂದೇ ಸರ್ವರಿಗೆ ಕಳಿಸಬೇಕು, ಇಲ್ಲವೇ ಯಾರು ಎಲ್ಲಿಯವರೆಗೆ ತುಂಬಿದ್ದಾರೆಂಬ ವಿವರವನ್ನು ಎರಡಕ್ಕೂ ಸಿಗುವ ಜಾಗದಲ್ಲಿಡಬೇಕು. ಒಂದು ಸರ್ವರ್ ಬಿದ್ದಾಗಲೂ ಉಳಿಯುವುದು ಎರಡನೇ ಕ್ರಮವೇ.

ಬಾಗಿಲಲ್ಲಿ ನಿಂತವನೇ ಬಿದ್ದರೆ?

ಈ ಪ್ರಶ್ನೆಯನ್ನು ನಮ್ಮ ಸಮಿತಿ ಸಭೆಯಲ್ಲಿ ಹಿರಿಯರೊಬ್ಬರು ಕೇಳಿದರು. ಸರಿಯಾದ ಪ್ರಶ್ನೆಯೇ. ಅದಕ್ಕೆ ಬಾಗಿಲಲ್ಲಿಯೂ ಇಬ್ಬರನ್ನು ನಿಲ್ಲಿಸಬೇಕು. ಆದರೆ ಹೊರಗಿನವರಿಗೆ ವಿಳಾಸ ಒಂದೇ ಇರಬೇಕು. ಸಂಘದ ಫೋನ್ ನಂಬರ್ ಒಂದೇ, ಎತ್ತುವವರು ಮಾತ್ರ ಅಧ್ಯಕ್ಷರೋ ಕಾರ್ಯದರ್ಶಿಯೋ ಆಗಿರುವಂತೆ. ಈ ಹಂಚಿಕೆಯ ವಿಳಾಸಕ್ಕೆ ವರ್ಚುವಲ್ ಐಪಿ ಎಂದು ಹೆಸರು. ವಿಳಾಸ ಯಾರ ಕೈಯಲ್ಲಿರಬೇಕೆಂದು ತೀರ್ಮಾನಿಸಲು ವಿಆರ್‌ಆರ್‌ಪಿ ಎಂಬ ನಿಯಮಾವಳಿ 1998ರಿಂದ ಇದೆ. ಮುಖ್ಯ ಯಂತ್ರವು ಸಾಮಾನ್ಯವಾಗಿ ಸೆಕೆಂಡಿಗೊಮ್ಮೆ "ನಾನಿದ್ದೇನೆ" ಎಂದು ಸಾರುತ್ತದೆ. ಸುಮಾರು ಮೂರು ಸಾರಿಕೆ ಕೇಳಿಸದಿದ್ದರೆ ಬದಲಿ ಯಂತ್ರ ಆ ವಿಳಾಸವನ್ನು ತನ್ನದಾಗಿಸಿಕೊಳ್ಳುತ್ತದೆ. ಎಲ್ಲ ಸೇರಿ ಮೂರು-ನಾಲ್ಕು ಸೆಕೆಂಡುಗಳ ಕೆಲಸ. ಪುಟ ನೋಡುತ್ತಿರುವವರಿಗೆ ಸ್ವಲ್ಪ ತಡವಾಯಿತೆಂದು ಅನ್ನಿಸಬಹುದು, ಅಷ್ಟೇ.

ರಂಗದ ಮೇಲೆ ಇಬ್ಬರು ಕೃಷ್ಣರು

ವಿಳಾಸ ಬದಲಾಗುವುದು ಸುಲಭ. ಕಷ್ಟವಿರುವುದು ಮಾಹಿತಿಯಲ್ಲಿ. ರಾತ್ರಿಯಿಡೀ ನಡೆಯುವ ಯಕ್ಷಗಾನದಲ್ಲಿ ಒಬ್ಬ ಭಾಗವತರು ಎದ್ದು ಇನ್ನೊಬ್ಬರು ಕೂರುತ್ತಾರೆ. ಆಟ ನಿಲ್ಲುವುದಿಲ್ಲ. ಏಕೆಂದರೆ ಕಥೆ ಎಲ್ಲಿಗೆ ಬಂದಿದೆ, ಮುಂದಿನ ಪದ ಯಾವುದು ಎಂದು ಬಂದು ಕೂತವರಿಗೆ ಗೊತ್ತಿರುತ್ತದೆ. ಗೊತ್ತಿಲ್ಲದವರು ಬಂದು ಮೊದಲ ಪದದಿಂದ ಹಾಡತೊಡಗಿದರೆ ಏನಾದೀತು? ನಮ್ಮ ಏಪ್ರಿಲ್ ತಿಂಗಳ ಸರ್ವರ್ ಮಾಡಿದ್ದು ಅದನ್ನೇ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಎರಡೂ ಸರ್ವರ್‌ಗಳು ಆರೋಗ್ಯವಾಗಿದ್ದು, ಅವುಗಳ ನಡುವಿನ ತಂತಿ ಮಾತ್ರ ತುಂಡಾಯಿತು ಎಂದುಕೊಳ್ಳಿ. ಆಚೆಯದು ಸತ್ತಿದೆ ಎಂದು ಎರಡೂ ತಿಳಿದು, ಎರಡೂ ಯಜಮಾನಿಕೆ ವಹಿಸಿಕೊಳ್ಳುತ್ತವೆ. ರಂಗದ ಮೇಲೆ ಏಕಕಾಲಕ್ಕೆ ಇಬ್ಬರು ಕೃಷ್ಣರು! ಇಬ್ಬರು ಕೋಶಾಧಿಕಾರಿಗಳು ಎರಡು ನಗದು ಪುಸ್ತಕ ಬರೆಯತೊಡಗಿದರೆ ಲೆಕ್ಕ ತಾಳೆಯಾಗುವುದುಂಟೇ? ಇದನ್ನು ಸ್ಪ್ಲಿಟ್ ಬ್ರೇನ್ ಎನ್ನುತ್ತಾರೆ. ಇದಕ್ಕೆ ಪರಿಹಾರ ನಮ್ಮ ಸಮಿತಿಗಳಲ್ಲಿ ಇರುವಂಥದೇ, ಕೋರಂ. ಮೂರನೆಯ ಒಂದು ಚಿಕ್ಕ ಸಾಕ್ಷಿ ಯಂತ್ರವನ್ನು ಇಟ್ಟು, ಮೂರರಲ್ಲಿ ಎರಡು ಮತ ಇದ್ದವರೇ ಯಜಮಾನರು ಎಂದು ನಿಯಮ ಮಾಡಬೇಕು. ಒಂಟಿಯಾದದ್ದು ಬರೆಯುವುದನ್ನು ನಿಲ್ಲಿಸಬೇಕು.

"ಸುಮ್ಮನೆ ಕೂತ ಯಂತ್ರಕ್ಕೆ ಬಾಡಿಗೆಯೇ?"

ಸಮಿತಿಯಲ್ಲಿ ಖರ್ಚಿನ ಮಾತು ಬಂದೇ ಬಂತು. "ಅಲ್ಲ ಮಾರಾಯ್ರೇ, ಒಂದು ಯಂತ್ರ ಸುಮ್ಮನೆ ಕೂತಿರುವುದಕ್ಕೆ ಎರಡರ ಬಾಡಿಗೆ ಯಾಕೆ? ಆ ದುಡ್ಡಿನಲ್ಲಿ ಇನ್ನೂ ಇಬ್ಬರು ಮಕ್ಕಳಿಗೆ ಫೀಸು ಕಟ್ಟಬಹುದಲ್ಲ?" ಎಂದರು ಒಬ್ಬರು. ಅವರ ಮಾತಿನಲ್ಲಿಯೂ ನ್ಯಾಯವಿತ್ತು. ನಾನು ಲೆಕ್ಕ ಬರೆದು ತೋರಿಸಿದೆ.

ಒಂದು ಸರ್ವರ್ ನೂರಕ್ಕೆ 99 ಪಾಲು ಸಮಯ ಸರಿಯಾಗಿರುತ್ತದೆ ಎಂದರೆ ಕೇಳಲು ಚೆನ್ನಾಗಿದೆ. ಆದರೆ ವರ್ಷದ 365 ದಿನಗಳಲ್ಲಿ ಶೇಕಡಾ ಒಂದು ಎಂದರೆ ಮೂರೂವರೆ ದಿನಕ್ಕೂ ಹೆಚ್ಚು. ಆ ಮೂರೂವರೆ ದಿನ ಅರ್ಜಿಯ ಕೊನೆಯ ದಿನವೇ ಬರಬಾರದೆಂದೇನಿಲ್ಲ. ಅಂಥ ಎರಡು ಸರ್ವರ್ ಇದ್ದರೆ, ಎರಡೂ ಒಟ್ಟಿಗೆ ಬೀಳುವ ಸಂಭವ ನೂರರಲ್ಲಿ ಒಂದರ ನೂರನೇ ಒಂದು ಪಾಲು. ವರ್ಷಕ್ಕೆ ಸುಮಾರು 53 ನಿಮಿಷ. ಮೂರೂವರೆ ದಿನ 53 ನಿಮಿಷಕ್ಕೆ ಇಳಿಯುತ್ತದೆ.

ಇನ್ನು "ಎರಡನ್ನೂ ದುಡಿಸೋಣ, ಯಾವುದೂ ಸುಮ್ಮನೆ ಕೂರುವುದು ಬೇಡ" ಎಂಬ ಸಲಹೆ. ದುಡಿಸಬಹುದು, ಅದೇ ಒಳ್ಳೆಯದು. ಆದರೆ ಎರಡೂ ಶೇಕಡಾ 70ರಷ್ಟು ಹೊರೆ ಹೊತ್ತಿದ್ದು, ಒಂದು ಬಿದ್ದರೆ ಉಳಿದದ್ದರ ಮೇಲೆ ಬೀಳುವುದು 140! ಅದೂ ಕುಸಿಯುತ್ತದೆ. ಆದ್ದರಿಂದ ಎರಡೇ ಇರುವಾಗ ಒಂದೊಂದರ ಹೊರೆ ಅರ್ಧಕ್ಕಿಂತ ಕೆಳಗಿರಬೇಕು. ಖಾಲಿ ಇರುವ ಆ ಅರ್ಧ ವ್ಯರ್ಥವಲ್ಲ, ಅದೇ ನಮ್ಮ ವಿಮೆ.

ಎರಡು ತಂತಿ, ಒಂದೇ ಗುಂಡಿ

ಮೇಲಿನ 53 ನಿಮಿಷದ ಲೆಕ್ಕಕ್ಕೆ ಒಂದು ಷರತ್ತಿದೆ. ಎರಡೂ ಬೇರೆ ಬೇರೆ ಕಾರಣಕ್ಕೆ ಮಾತ್ರ ಕೆಡುವಂತಿರಬೇಕು. ಹಿಂದೆ ನಾನು ಕೆಲಸ ಮಾಡುತ್ತಿದ್ದ ಶಾಖೆಗೆ ಎರಡು ಕಂಪನಿಗಳ ಎರಡು ಲೈನುಗಳಿದ್ದವು. ಒಂದು ದಿನ ಎರಡೂ ಒಟ್ಟಿಗೆ ಸತ್ತವು. ರಸ್ತೆ ಅಗೆಯುವವರ ಯಂತ್ರದ ಒಂದೇ ಏಟಿಗೆ ಎರಡೂ ತುಂಡಾಗಿದ್ದವು. ಕಂಪನಿ ಎರಡಾದರೂ ಗುಂಡಿ ಒಂದೇ ಆಗಿತ್ತು.

ಇದು ಸಣ್ಣ ಶಾಖೆಯ ಕಥೆ ಮಾತ್ರವಲ್ಲ. 2021ರ ಫೆಬ್ರವರಿ 24ರಂದು ನಮ್ಮದೇ ಮುಂಬಯಿಯ ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜ್‌ನಲ್ಲಿ ಬೆಳಿಗ್ಗೆ 11.40ಕ್ಕೆ ವಹಿವಾಟು ನಿಂತುಹೋಯಿತು. ಮತ್ತೆ ಆರಂಭವಾದದ್ದು ಸಂಜೆ 3.45ಕ್ಕೆ. ಅಂದು 5 ಗಂಟೆಯವರೆಗೆ ಅವಧಿ ವಿಸ್ತರಿಸಲಾಯಿತು. ಅಲ್ಲಿಯೂ ಇಬ್ಬರು ದೂರಸಂಪರ್ಕ ಸೇವಾದಾರರ ಹಲವು ಲೈನುಗಳಿದ್ದವು. ಇಬ್ಬರ ಲೈನುಗಳಲ್ಲೂ ಒಂದೇ ಹೊತ್ತಿಗೆ ತೊಂದರೆ ಬಂದಿತ್ತು.

2005ರ ಜುಲೈ 26ನ್ನು ಯಾವ ಮುಂಬಯಿಗರು ಮರೆತಾರು? ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ. ಅಂದು ಒಂದೇ ಕಟ್ಟಡದ ನೆಲಮಾಳಿಗೆಯಲ್ಲಿ ಎರಡು ಸರ್ವರ್ ಇಟ್ಟವರಿಗೆ ಎರಡೂ ಇಲ್ಲ. ಬ್ಯಾಂಕುಗಳು ಮುಂಬಯಿಯ ಕೇಂದ್ರಕ್ಕೆ ಬದಲಿಯನ್ನು ದೂರದ ಬೇರೊಂದು ನಗರದಲ್ಲಿ ಇಡುವುದರ ಮರ್ಮ ಇದೇ.

ದೂರ ಇಟ್ಟರೂ ಸಾಲದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶ ಕಂಪನಿಯ ದೋಷಪೂರಿತ ಅಪ್‌ಡೇಟ್ ಒಂದರಿಂದ ಪ್ರಪಂಚದಾದ್ಯಂತ ಕಂಪ್ಯೂಟರುಗಳು ಸ್ಥಗಿತಗೊಂಡವು. ಮೈಕ್ರೋಸಾಫ್ಟ್ ಅಂದಾಜಿನಂತೆ ಅವುಗಳ ಸಂಖ್ಯೆ ಸುಮಾರು 85 ಲಕ್ಷ. ನಮ್ಮ ದೇಶದ ಕೆಲವು ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದು ಕೊಡಬೇಕಾಯಿತು. ಮುಖ್ಯ ಸರ್ವರಿಗೂ ಬದಲಿಗೂ ಒಂದೇ ಕ್ಷಣದಲ್ಲಿ ಒಂದೇ ಔಷಧ ಕೊಟ್ಟರೆ, ಔಷಧ ಕೆಟ್ಟಿದ್ದಾಗ ಇಬ್ಬರೂ ಮಲಗುತ್ತಾರೆ. ಆದ್ದರಿಂದ ಬದಲಾವಣೆಯನ್ನು ಮೊದಲು ಒಂದಕ್ಕೆ ಮಾಡಿ, ನೋಡಿ, ಆಮೇಲೆ ಇನ್ನೊಂದಕ್ಕೆ ಮಾಡಬೇಕು.

ಭಾನುವಾರದ ತಾಲೀಮು

ಹಾಗಾದರೆ ಬದಲಿ ಸರಿಯಿದೆಯೆಂದು ತಿಳಿಯುವುದು ಹೇಗೆ? ಮುಖ್ಯವಾದದ್ದನ್ನು ನಾವೇ ನಿಲ್ಲಿಸಿ ನೋಡುವುದು, ಬೇರೆ ದಾರಿಯಿಲ್ಲ. 2024ರ ಮಾರ್ಚ್ 2ರ ಶನಿವಾರ ಅದೇ ಸ್ಟಾಕ್ ಎಕ್ಸ್‌ಚೇಂಜ್ ವಿಶೇಷ ವಹಿವಾಟು ನಡೆಸಿತು. 9.15ರಿಂದ 10 ಗಂಟೆಯವರೆಗೆ ಮುಖ್ಯ ಕೇಂದ್ರದಿಂದ, 11.30ರಿಂದ 12.30ರವರೆಗೆ ಬದಲಿ ಕೇಂದ್ರದಿಂದ. ನಿಜವಾದ ಹಣ, ನಿಜವಾದ ಶೇರು. ರಿಸರ್ವ್ ಬ್ಯಾಂಕ್ 2023ರ ನವೆಂಬರ್‌ನಲ್ಲಿ ಹೊರಡಿಸಿ 2024ರ ಏಪ್ರಿಲ್ 1ರಿಂದ ಜಾರಿಗೆ ತಂದ ನಿರ್ದೇಶನವೂ ಇದನ್ನೇ ಹೇಳಿತು. ಮುಖ್ಯ ವ್ಯವಸ್ಥೆಗಳ ತಾಲೀಮು ಕನಿಷ್ಠ ಆರು ತಿಂಗಳಿಗೊಮ್ಮೆ ನಡೆಯಬೇಕು, ಬದಲಿ ಕೇಂದ್ರದಿಂದ ಇಡೀ ಒಂದು ಕೆಲಸದ ದಿನವನ್ನು ನಡೆಸಿ ನೋಡಬೇಕು.

ದೊಡ್ಡವರು ಮಾಡುವುದನ್ನು ನಾವು ಸಣ್ಣದಾಗಿ ಮಾಡಿದೆವು. ಸರ್ವರ್ ನೋಡಿಕೊಳ್ಳುವ ಹುಡುಗನನ್ನು ಒಂದು ಭಾನುವಾರ ಬೆಳಿಗ್ಗೆ ಸಂಘದ ಕಚೇರಿಗೆ ಕರೆದು, ಚಹಾ ಕೊಟ್ಟು, "ಮೊದಲನೆಯದನ್ನು ನಿಲ್ಲಿಸು ಮಗಾ" ಎಂದೆ. ಅವನಿಗೇ ಕೈ ನಡುಗಿತು. ನಿಲ್ಲಿಸಿದ. ಕೆಲವೇ ಸೆಕೆಂಡುಗಳಲ್ಲಿ ಎರಡನೆಯದು ಬಂತು. ಹೆಸರುಗಳಿದ್ದವು, ಅರ್ಜಿಗಳಿದ್ದವು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಒಂದು ಅರ್ಜಿ ತೆರೆದು ಮಾರ್ಕ್ಸ್ ಕಾರ್ಡ್ ಒತ್ತಿದೆ. ಖಾಲಿ! ಡೇಟಾಬೇಸ್ ನಕಲಾಗುತ್ತಿತ್ತು, ಮಕ್ಕಳು ಕಳಿಸಿದ ಕಾಗದಗಳ ಫೋಲ್ಡರ್ ಆಗುತ್ತಿರಲಿಲ್ಲ. ತಾಲೀಮು ಮಾಡದಿದ್ದರೆ ಅದು ತಿಳಿಯುತ್ತಿದ್ದದ್ದು ಮುಂದಿನ ಕೊನೆಯ ದಿನದಂದು.

ಮೂರು ತಿಂಗಳ ನಂತರದ ಎರಡನೇ ತಾಲೀಮಿನಲ್ಲಿ ಹೋದದ್ದು ಸರಿಹೋಯಿತು, ಮರಳಿ ಬರುವಾಗ ತೊಡಕಾಯಿತು. ಬದಲಿ ಸರ್ವರಿನಲ್ಲಿ ಆ ಒಂದು ಗಂಟೆ ಸೇರಿದ್ದ ಹೊಸ ಮಾಹಿತಿಯನ್ನು ಮೊದಲನೆಯದಕ್ಕೆ ತುಂಬಿದ ಮೇಲೆಯೇ ಅದನ್ನು ಮತ್ತೆ ಯಜಮಾನ ಮಾಡಬೇಕೆಂಬ ಪಾಠ ಕಲಿತೆವು. ಮೂರನೆಯ ತಾಲೀಮಿನಲ್ಲಿ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ನಮಗೆ ಬೇಕಾಗಿದ್ದದ್ದೂ ಅದೇ.

ನಿಮ್ಮ ಸಂಘದಲ್ಲಿ ಕೇಳಿ

ಸಣ್ಣ ಸಂಘಗಳು ಎರಡು ಸರ್ವರ್ ಇಟ್ಟುಕೊಳ್ಳಲೇಬೇಕೆಂದಿಲ್ಲ. ಎಲ್ಲವನ್ನೂ ಒಬ್ಬ ಸೇವಾದಾರರಿಗೆ ವಹಿಸಿರಬಹುದು. ಆದರೂ ಮುಂದಿನ ಸಮಿತಿ ಸಭೆಯಲ್ಲಿ ಈ ಪ್ರಶ್ನೆಗಳನ್ನು ದಯವಿಟ್ಟು ಕೇಳಿ. ಮುಖ್ಯವಾದದ್ದು ಈಗ ನಿಂತರೆ ಬದಲಿ ಎಷ್ಟು ಹೊತ್ತಿನಲ್ಲಿ ಬರುತ್ತದೆ? ಬಂದಾಗ ಎಷ್ಟು ಹೊತ್ತಿನ ಮಾಹಿತಿ ಕಳೆದಿರುತ್ತದೆ? ಎರಡೂ ಒಂದೇ ಕಟ್ಟಡ, ಒಂದೇ ವಿದ್ಯುತ್, ಒಂದೇ ತಂತಿಯನ್ನು ನಂಬಿವೆಯೇ? ಎಚ್ಚರಿಕೆಯ ಸಂದೇಶ ಯಾರಿಗೆ ಹೋಗುತ್ತದೆ, ಅವರು ಇನ್ನೂ ಸಮಿತಿಯಲ್ಲಿದ್ದಾರೆಯೇ? ಪಾಸ್‌ವರ್ಡ್ ಒಬ್ಬರಿಗೇ ಗೊತ್ತೋ, ಇಬ್ಬರಿಗೋ? ಕಡೆಯ ಬಾರಿ ನಡೆಸಿ ನೋಡಿದ್ದು ಯಾವ ತಾರೀಕಿನಂದು? ಈ ಕೊನೆಯ ಪ್ರಶ್ನೆಗೆ ತಾರೀಕು ಸಿಗದಿದ್ದರೆ ನಿಮ್ಮಲ್ಲಿ ಬದಲಿ ಇಲ್ಲವೆಂದೇ ತಿಳಿಯಿರಿ.

ಅಂದಿನ ಡೊಂಬಿವಲಿಯ ಹುಡುಗಿಗೆ ಕೊನೆಗೂ ವಿದ್ಯಾರ್ಥಿವೇತನ ಸಿಕ್ಕಿತು. ನಾವು ಅವಧಿಯನ್ನು ಹತ್ತು ದಿನ ಮುಂದೂಡಿ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟೆವು, ಗೊತ್ತಿದ್ದವರಿಗೆಲ್ಲ ಫೋನು ಮಾಡಿದೆವು. ಆದರೆ ಮೊದಲ ಸರ್ವರಿನ ಡಿಸ್ಕ್‌ನಲ್ಲಿದ್ದದ್ದು ಮತ್ತೆ ಸಿಗಲೇ ಇಲ್ಲ. ಅದರಲ್ಲಿ ಯಾರ ಯಾರ ಅರ್ಜಿಗಳಿದ್ದವು ಎಂದು ತಿಳಿಯುವ ದಾರಿಯೇ ನಮಗಿರಲಿಲ್ಲ. ಪ್ರಕಟಣೆ ನೋಡದವರು, ಫೋನು ಮಾಡಲು ಸಂಕೋಚಪಟ್ಟವರು, ಸಂಘದವರು ತನ್ನನ್ನು ಬಿಟ್ಟರೆಂದು ಸುಮ್ಮನಾದವರು ಇದ್ದಿರಬಹುದು. ಅಂಥ ಮಗು ಯಾರಾದರೂ ಇದನ್ನು ಓದುತ್ತಿದ್ದರೆ, ತಪ್ಪು ನಿನ್ನದಲ್ಲಮ್ಮ, ನಮ್ಮದು. ಈ ವರ್ಷ ಮತ್ತೆ ಅರ್ಜಿ ಹಾಕು. ಈಗ ನಮ್ಮ ಡೂಪ್ಲಿಕೇಟ್ ಕೀಲಿಕೈಯನ್ನು ಮೂರು ತಿಂಗಳಿಗೊಮ್ಮೆ ತಿರುಗಿಸಿ ನೋಡುತ್ತಿದ್ದೇವೆ.